ಸೋಮವಾರದ ಒಂದು ಕೊಡ ನೀರು

ಕಾಕಾನ ಮುಂದಿನ ಹಲ್ಲೊಂದರಲ್ಲಿ ಸಣ್ಣ ಕಚ್ಚು ಇತ್ತು. ಟೆಲಿಫೋನ್ ತಂತಿಯನ್ನು ಅದೇ ಹಲ್ಲಿನಿಂದ ವರ್ಷಾನುಗಟ್ಟಲೆ ಸುಲಿದು ಆದ ಕಚ್ಚು. ತಂತಿ ಅದರಲ್ಲಿ ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು. ಚೀಲದಲ್ಲಿ ಒಳ್ಳೆಯ ಇಕ್ಕಳವೇ ಇದ್ದರೂ ತಂತಿ ಹೋಗುವುದು ಬಾಯಿಗೇ. "ಕಾಕಾ, ಇಕ್ಕಳ ಐತಲ್ರಿ" ಎಂದರೆ, "ಅದು ಕಬ್ಬಿಣ ಯವ್ವಾ, ಅದಕ್ಕೇನ್ ತಿಳೀತೈತಿ? ತಾಮ್ರ ಎಲ್ಲಿ ಸುರು ಆಗತೈತಿ ಅಂತ ಹಲ್ಲಿಗೆ ಮೊದಲ ಗೊತ್ತಾಗತೈತಿ" ಎನ್ನುತ್ತಿದ್ದರು.

ನಾನು ಇಳಕಲ್ಲಿನ ಒಂದು ಖಾಸಗಿ ದವಾಖಾನೆಯಲ್ಲಿ ಕಚೇರಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೆ. ಮೂರು ಮಹಡಿ, ಇಪ್ಪತ್ತು ಫೋನು. ಅವೆಲ್ಲಕ್ಕೂ ಮೂಲವಾದ ಒಂದು ಪೆಟ್ಟಿಗೆ ನನ್ನ ಕುರ್ಚಿಯ ಹಿಂದಿನ ಗೋಡೆಯಲ್ಲಿತ್ತು. ಅದು ಕೈಕೊಟ್ಟರೆ ಗುಳೇದಗುಡ್ಡದಿಂದ ಕಾಕಾ ಬರಬೇಕು. ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತರಾದವರು. ಹೆಗಲಿಗೆ ಖಣದ ಚೀಲ. ಹೆಂಡತಿ ಮಗ್ಗದಲ್ಲಿ ತಾನೇ ನೇಯ್ದ ಬಟ್ಟೆಯಲ್ಲಿ ಹೊಲಿದುಕೊಟ್ಟದ್ದು. ರವಿಕೆಯ ಬಟ್ಟೆಯ ಚೀಲದೊಳಗಿಂದ ಸ್ಕ್ರೂಡ್ರೈವರು ಹೊರಬರುವುದನ್ನು ಕಂಡು ನರ್ಸುಗಳು ಮುಸಿಮುಸಿ ನಗುತ್ತಿದ್ದರು. ಕಾಕಾಗೆ ಅದರ ಪರಿವೆಯೇ ಇರಲಿಲ್ಲ. ಫೋನು ಸರಿಹೋಯಿತೇ ಎಂದು ನೋಡುವಾಗ ಹಲೋ ಎಂದವರೇ ಅಲ್ಲ. "ಶರಣ್ರೀ, ಕೇಳಸ್ತೈತೇನ್ರಿ?" ಅನ್ನುವರು. ಆ ಕಡೆಯಿಂದ ಯಾರಾದರೂ "ಶರಣು" ಅನ್ನುವ ತನಕ ರಿಸೀವರು ಇಡುತ್ತಿರಲಿಲ್ಲ.

ನಾನು ಸೇರಿದ ಹೊಸದರಲ್ಲಿ ಅವರು ಹಿತ್ತಲಿನ ಬೇವಿನ ಮರದ ಹತ್ತಿರ ಗುಂಡಿ ತೋಡಿಸಿ, ಇದ್ದಿಲು, ಉಪ್ಪು ತುಂಬಿ, ನಡುವೆ ಪೈಪು ನಿಲ್ಲಿಸಿ, ಅದರಿಂದ ಪೆಟ್ಟಿಗೆಯ ತನಕ ತಂತಿ ಎಳೆದರು. ಅರ್ಥಿಂಗು. ಕೆಲಸ ಮುಗಿದ ಮೇಲೆ ನನ್ನನ್ನು ಅಲ್ಲಿಗೇ ಕರೆದುಕೊಂಡು ಹೋದರು.

"ಮಿಂಚು ಹೊಡದ್ರೂ, ಕರೆಂಟು ಜಾಸ್ತಿ ಬಂದ್ರೂ ಇಲ್ಲಿಂದ ಭೂಮಿಗೆ ಇಳೀಬೇಕು. ನಮ್ಮ ಕಡೆ ನೆಲ ಒಣಾ. ಒಣಾ ನೆಲ ಏನೂ ಒಳಗ ತಗೊಳ್ಳೂದಿಲ್ಲ. ವಾರಕ್ಕ ಒಂದು ಕೊಡ ನೀರು ಹಾಕವಾ. ಬ್ಯಾಸಗ್ಯಾಗ ಎರಡು. ಈ ಕೆಲಸ ಆಳಿಗೆ ಹೇಳಬ್ಯಾಡ, ನೀನ ಮಾಡು."

ಸೋಮವಾರ ಎಂದು ನಾನೇ ಗೊತ್ತು ಮಾಡಿಕೊಂಡೆ. ಕೊಡ ಹೊತ್ತು ಹೊರಟರೆ ಸಾಕು, "ಅಕ್ಕಾರು ಪೂಜಾಕ್ಕ ಹೊಂಟ್ರು" ಎಂದು ನರ್ಸುಗಳ ಚೇಷ್ಟೆ. ಒಂದು ದಿನ ಪೈಪಿಗೆ ಯಾರೋ ಕುಂಕುಮ ಹಚ್ಚಿದ್ದರು. ಅದನ್ನು ಕಂಡು ಕಾಕಾ ಬಿದ್ದು ಬಿದ್ದು ನಕ್ಕರು. "ಕುಂಕುಮ ನಡೀತೈತಿ, ನೀರು ಮಾತ್ರ ತಪ್ಪಸಬ್ಯಾಡ" ಎಂದರು.

ಚಹಾ ಕುಡಿಯುತ್ತ ಮನೆಯ ವಿಷಯ ಕೇಳುತ್ತಿದ್ದರು. ಗಂಡ ತೀರಿಕೊಂಡಿದ್ದು, ಮಗಳನ್ನು ಸಾಲೆಗೆ ಹಾಕಿದ್ದು, ಕೆಲಸ ಇನ್ನೂ ಖಾಯಂ ಆಗದಿರುವುದು, ಎಲ್ಲ ಹೇಳಿದ್ದೆ. ಆಮೇಲೆ ಬಂದಾಗಲೆಲ್ಲ ಚೀಲ ಇಳಿಸುವ ಮೊದಲೇ ಅವರದು ಒಂದೇ ಪ್ರಶ್ನೆ: "ಖಾಯಂ ಆತೇನವಾ?"

ಎರಡನೆಯ ವರ್ಷ ದವಾಖಾನೆಯ ಹೊಸ ಭಾಗ ಉದ್ಘಾಟಿಸಲು ಮಠದ ಗುರುಗಳು ಬರುವವರಿದ್ದರು. ಹಿತ್ತಲಿಗೆಲ್ಲ ಕೆಂಪು ಕಲ್ಲು ಹಾಸಬೇಕೆಂದು ದವಾಖಾನೆಯ ಒಡೆಯರಾದ ಡಾಕ್ಟರ ಅಪ್ಪಣೆ. ನಮ್ಮೂರಿನ ಕಲ್ಲು ನಮ್ಮೂರಿನಲ್ಲೇ ಹಾಸದಿದ್ದರೆ ಹೇಗೆ ಎಂದು ಹೊಳಪು ಮಾಡಿದ್ದನ್ನೇ ತರಿಸಿದ್ದರು. ಕಲ್ಲು ಹಾಸುವವನು ಬಂದು, "ಅಕ್ಕಾರ, ಈ ಪೈಪು ಅಡ್ಡ ಬರತೈತಿ, ಏನ್ ಮಾಡೂಣು?" ಎಂದ. ನನ್ನ ಕೈಯಲ್ಲಿ ಆಮಂತ್ರಣ ಪತ್ರಿಕೆಯ ಕಟ್ಟು, ತಲೆಯಲ್ಲಿ ನೂರೆಂಟು ಕೆಲಸ.

"ಕೊಯ್ದು ಮುಚ್ಚಿಬಿಡಪಾ, ಆಮ್ಯಾಲೆ ನೋಡಿದ್ರಾತು."

ಆಮೇಲೆ ನೋಡಲಿಲ್ಲ. ಕಲ್ಲು ಚೆಂದ ಕಂಡಿತು, ಗುರುಗಳು ಬಂದು ಹೋದರು, ಬೇಸಿಗೆ ಪೂರ್ತಿ ಆ ನೆಲಕ್ಕೆ ಒಂದು ಹನಿ ನೀರು ಬೀಳಲಿಲ್ಲ. ಸೋಮವಾರ ಬಂದಾಗಲೆಲ್ಲ ಕೊಡದ ನೆನಪಾಗುತ್ತಿತ್ತು. ಮರೆತಿದ್ದೆ ಎಂದು ಹೇಳುವುದಕ್ಕೂ ನನಗೆ ಬಾಯಿಲ್ಲ.

ಮುಂಗಾರಿಗೆ ಮೊದಲು ಒಂದು ಮಧ್ಯಾಹ್ನ ಗುಡುಗು ಮಿಂಚಿನ ಮಳೆ ಬಂತು. ಕರೆಂಟು ಹೋಯಿತು. ಮತ್ತೆ ಬಂದಾಗ ಟ್ಯೂಬ್‌ಲೈಟುಗಳು ಕಣ್ಣು ಕುಕ್ಕುವಷ್ಟು ಉರಿದವು, ಪಂಖಾ ಗರಗರ ತಿರುಗಿತು, ನನ್ನ ಬೆನ್ನ ಹಿಂದೆ ಪೆಟ್ಟಿಗೆ ಟಪ್ ಎಂದಿತು. ಇಪ್ಪತ್ತೂ ಫೋನು ಸತ್ತವು. ಒಂದು ರಕ್ತದ ವರದಿ ಕೇಳಲು ನರ್ಸುಗಳು ಮೂರು ಮಹಡಿ ಹತ್ತಿ ಇಳಿಯಬೇಕಾಯಿತು.

ಮರುದಿನ ಮೊದಲ ಬಸ್ಸಿಗೇ ಕಾಕಾ ಬಂದರು. ಮೊದಲು ಪೆಟ್ಟಿಗೆಯ ಮುಚ್ಚಳ ತೆಗೆದು ಮೂಸಿದರು. ಕರೆಂಟು ಕೊಡುವ ಭಾಗ ಸುಟ್ಟಿತ್ತು, ಅದನ್ನು ಬದಲಿಸಿದರು. ಆಮೇಲೆ ಎಲ್ಲ ಲೈನು ಕಳಚಿ, ಒಳಗಿನ ಕಾರ್ಡುಗಳನ್ನು ಒಂದೊಂದಾಗಿ ಹೊರಗೆ ತೆಗೆದು, ಒಂದೊಂದಾಗಿಯೇ ಮತ್ತೆ ಹಾಕಿ ನೋಡಿದರು. "ಎಲ್ಲಾ ಕೂಡೇ ಹಾಕಿದ್ರ ಸತ್ತದ್ದು ಬದುಕಿದ್ದನ್ನೂ ಎಳಕೊಂಡು ಹೋಗತೈತಿ" ಎಂದು ನನಗೆ ವಿವರಿಸಿದರು. ಹಳೆಯ ಪೇಪರಿನ ಮೇಲೆ ಸತ್ತವು ಒಂದು ಕಡೆ, ಬದುಕಿದವು ಒಂದು ಕಡೆ. ಒಂದೊಂದು ಕಾರ್ಡಿಗೆ ನಾಲ್ಕು ಫೋನು, ಬದುಕಿದ್ದವು ಎರಡೇ. ಕೊನೆಗೆ ಅರ್ಥಿಂಗಿನ ತಂತಿಗೆ ಮೀಟರು ಹಚ್ಚಿದರು. ಮುಳ್ಳು ಅಲುಗಲಿಲ್ಲ, ತಂತಿಗೆ ಭೂಮಿಯ ಸಂಪರ್ಕವೇ ಇರಲಿಲ್ಲ.

"ನೀರು ಹಾಕ್ತೀಯಲ್ಲವಾ?"

"ಹಾಕ್ತೇನ್ರಿ ಕಾಕಾ. ಪ್ರತಿ ಸೋಮವಾರ."

ಹೇಗೆ ಬಂತೋ ಆ ಮಾತು! ಎಷ್ಟು ಸಲೀಸಾಗಿ ಬಂತೆಂದರೆ ಈಗಲೂ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅವರು ಎದ್ದು ಹಿತ್ತಲಿಗೆ ನಡೆದರು. ಹಿಂದೆಯೇ ನಾನು. ಬೇವಿನ ಮರದ ಹತ್ತಿರ ಕೆಂಪು ಕಲ್ಲಿನ ಮೇಲೆ ನಿಂತು ಸುತ್ತ ನೋಡಿದರು. ಕಾಲಿನಿಂದ ಒಂದು ಕಲ್ಲನ್ನು ಮೆಲ್ಲಗೆ ತಟ್ಟಿದರು. ನನ್ನ ಮುಖ ನೋಡಲಿಲ್ಲ. ಅಷ್ಟರಲ್ಲಿ ಡಾಕ್ಟರು ಅಲ್ಲಿಗೇ ಬಂದರು.

"ಅರ್ಥಿಂಗ್ ಹಾಕಿದ್ರ ಏನೂ ಆಗೂದಿಲ್ಲ ಅಂದಿದ್ರಿ. ಮತ್ತ ಹೆಂಗ ಸುಟ್ಟಿತ್ರಿ?"

ಖಾಯಂ ಮಾಡುವ ಕಾಗದ ಆ ವಾರವೇ ಡಾಕ್ಟರ ಟೇಬಲ್ಲಿನ ಮೇಲಿತ್ತು. ಅದು ಕಾಕಾಗೂ ಗೊತ್ತಿತ್ತು. ಬೆಳಿಗ್ಗೆ ಬಂದೊಡನೆ ಕೇಳಿದ್ದರು, ನಾನೇ ಹೇಳಿದ್ದೆ.

ಅವರು ಹೆಗಲ ಮೇಲಿನ ವಸ್ತ್ರದಿಂದ ಕೈ ಒರೆಸಿಕೊಂಡರು. "ನಂದ ತಪ್ಪಾತ್ರಿ ಡಾಕ್ಟರ್. ಗುಂಡಿ ಆಳ ಸಾಲಲಿಲ್ಲ ಅನ್ನಸ್ತೈತಿ."

ನಾನು ಬಾಯಿ ತೆರೆಯಲಿಲ್ಲ.

ಸಂಜೆಯೊಳಗೆ ಎಂಟು ಫೋನಿಗೆ ಜೀವ ಬರಿಸಿದರು. ಕೊನೆಯದು ನನ್ನ ಟೇಬಲ್ಲಿನದು. "ಶರಣ್ರೀ, ಕೇಳಸ್ತೈತೇನ್ರಿ?" ಅತ್ತ ಕಡೆಯಿಂದ ಬಂದ ಉತ್ತರ ಕೇಳಿ ರಿಸೀವರು ಇಟ್ಟರು. ಚೀಲ ಹೆಗಲಿಗೇರಿಸಿ, "ಗುಂಡಿ ಇದ್ದ ಕಲ್ಲಿಗೆ ಪೆನ್ಸಿಲಿನಿಂದ ಗುರ್ತು ಹಾಕೇನಿ. ಪುರಸತ್ತು ಆದಾಗ ತಗಸು. ತಡಾ ಮಾಡಬ್ಯಾಡ" ಎಂದರು. ಒಂದು ಗದರಿಕೆ ಇಲ್ಲ, ಒಂದು ಕೊಂಕು ಮಾತಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ನಾನು ಖಾಯಂ ಆದೆ. ಫೋನಿನ ಕೆಲಸವನ್ನು ಡಾಕ್ಟರು ಹುಬ್ಬಳ್ಳಿಯ ಯಾರಿಗೋ ಕೊಟ್ಟರು. ಕಾಕಾಗೆ ಫೋನು ಮಾಡಿ ತಪ್ಪಾಯಿತೆನ್ನಬೇಕು ಎಂದುಕೊಂಡೆ. ಮೊದಲ ಪಗಾರ ಬರಲಿ ಎಂದೆ, ಶ್ರಾವಣ ಕಳೆಯಲಿ ಎಂದೆ. ನೆಪಕ್ಕೆ ಬರವೇ?

ಅಷ್ಟೇ ಆಗಿದ್ದರೂ ಹೇಗೋ ಸಹಿಸಿಕೊಳ್ಳುತ್ತಿದ್ದೆನೇನೋ. ಹುನಗುಂದದ ಒಂದು ಕಾಲೇಜಿನ ಕಚೇರಿಯಿಂದ ಒಬ್ಬರು ಫೋನು ಮಾಡಿದರು. "ಗುಳೇದಗುಡ್ಡದ ಫೋನ್ ರಿಪೇರಿಯವರು ನಿಮ್ಮಲ್ಲಿ ಕೆಲಸ ಮಾಡತಿದ್ರಂತ. ಅವರು ಹಾಕಿದ್ದು ಸುಟ್ಟು ಹೋತು ಅಂತ ನಿಮ್ಮ ಡಾಕ್ಟರ್ ಅಂದ್ರು. ಖರೇನ್ರಿ? ನಮ್ಮಲ್ಲಿ ಕರಸೂಣೋ ಬ್ಯಾಡೋ?"

ಹಿತ್ತಲಿನಲ್ಲಿ ಹೆದರಿಕೆಯಿತ್ತು, ಒಪ್ಪುತ್ತೇನೆ. ಈಗ ಏನಿತ್ತು? ಕೆಲಸ ಗಟ್ಟಿಯಾಗಿತ್ತು, ಹತ್ತಿರ ಯಾರೂ ಇರಲಿಲ್ಲ, ಅವರೇ ಸರಿಪಡಿಸಿದ ಫೋನು ಕಿವಿಗೆ ಇತ್ತು.

"ನನಗ ಅಷ್ಟ ಗೊತ್ತಿಲ್ರಿ" ಎಂದು ಇಟ್ಟುಬಿಟ್ಟೆ.

ಕಾಕಾ ತೀರಿಕೊಂಡ ಸುದ್ದಿ ನನಗೆ ಹನ್ನೆರಡು ದಿನದ ಮೇಲೆ ತಿಳಿಯಿತು. ಗುಳೇದಗುಡ್ಡಕ್ಕೆ ಹೋದೆ. ಓಣಿಯ ಮನೆಮನೆಯಲ್ಲೂ ಮಗ್ಗದ ಸದ್ದು, ಅವರ ಮನೆಯದು ಮಾತ್ರ ನಿಂತಿತ್ತು. ಖಣದ ಚೀಲ ಗೂಟಕ್ಕೆ ತೂಗುತ್ತಿತ್ತು. ಯಾರೆಂದು ಹೇಳಿಕೊಂಡೆ. ಕಾಕಾನ ಹೆಂಡತಿ ನನ್ನ ಕೈ ಹಿಡಿದು ಕೂರಿಸಿದರು.

"ಇಳಕಲ್ ದವಾಖಾನಿಯಾಕಿ ನೀನೇನವಾ? ಈ ಎರಡು ವರ್ಷ ಅವರನ್ನ ಕೆಲಸಕ್ಕ ಕರಿಯವರ ಇರಲಿಲ್ಲ. ಫೋನಿನ ಮುಂದ ಕೂತು ನಿನ್ನ ಸುದ್ದಿ ತಗೀತಿದ್ರು. ಆ ಹುಡುಗಿ ಖಾಯಂ ಆತೋ ಇಲ್ಲೋ, ಒಂದು ಫೋನರ ಮಾಡಬೇಕಿತ್ತು ಅಂತಿದ್ರು. ಆತೇನವಾ?"

"ಆತ್ರಿ" ಎಂದೆ. ಆಮೇಲೆ ಕಲ್ಲಿನಿಂದ ಹಿಡಿದು ಹುನಗುಂದದ ಫೋನಿನ ತನಕ ಎಲ್ಲವನ್ನೂ ಅವರ ಮುಂದೆ ಹೇಳಿದೆ. ಅವರು ನನ್ನ ಕೈ ಬಿಟ್ಟರು.

"ಇದನ್ನ ಅವರು ಇದ್ದಾಗ ಬಂದು ಹೇಳಬೇಕಿತ್ತವಾ" ಎಂದರು.

ಮರುದಿನ ಡಾಕ್ಟರಿಗೂ ಹೇಳಿದೆ. "ಈಗ್ಯಾಕ್ರಿ ಅದೆಲ್ಲಾ" ಎಂದು ಅವರು ಮುಂದಿನ ಕಾಗದಕ್ಕೆ ಸಹಿ ಹಾಕಿದರು. ನಾನೇ ಆಳು ಕರೆಸಿ ಬೇವಿನ ಮರದ ಹತ್ತಿರದ ಆ ಕಲ್ಲು ತೆಗೆಸಿದೆ. ಪೆನ್ಸಿಲಿನ ಗುರುತು ಎಂದೋ ಅಳಿಸಿಹೋಗಿತ್ತು, ಜಾಗ ಮಾತ್ರ ನಾನು ಮರೆತಿರಲಿಲ್ಲ. ಪೈಪು ಹೊಸದು ಬಂತು. ಸೋಮವಾರ ನೀರು ಹಾಕುತ್ತೇನೆ, ಬೇಸಿಗೆಯಲ್ಲಿ ಎರಡು ಕೊಡ. ಈಗಿನ ನರ್ಸುಗಳಿಗೆ ಕಾಕಾ ಯಾರೆಂದು ಗೊತ್ತಿಲ್ಲ. ಕೇಳಿದವರಿಗೆಲ್ಲ ಹೇಳುತ್ತೇನೆ, ಅವರು ತೋಡಿಸಿದ ಗುಂಡಿ ಸರಿಯಾಗಿಯೇ ಇತ್ತು ಎಂದು.