ಕಳಪೆ ರಾಶಿಗೆ ಬಿದ್ದ ಬಿಲ್ಲೆ

ಮೊನ್ನೆ ಅಟ್ಟದ ಟ್ರಂಕು ತೆಗೆದಾಗ ತಮ್ಮನ ರೇಸಿನ ಚರ್ಮದ ಸೂಟು ಸಿಕ್ಕಿತು. ಮೊಣಕಾಲಿಗೆ ಅಂಟಿಸುವ ಪ್ಲಾಸ್ಟಿಕ್ ಬಿಲ್ಲೆ ಇನ್ನೂ ಅದರ ಮೇಲೇ ಇತ್ತು. ತಿರುವಿನಲ್ಲಿ ಬೈಕು ಮಲಗಿಸಿದಾಗ ರಸ್ತೆಗೆ ಉಜ್ಜಿ ಸವೆಯುವ ಬಿಲ್ಲೆ ಅದು. ಮೂಗಿನ ಹತ್ತಿರ ತಂದರೆ ಕೊಬ್ಬರಿಯ ಕಮಟು ವಾಸನೆ... ಎದುರುಮನೆ ಯಜಮಾನರು ನೆನಪಾಗಿ ಮೈಯೆಲ್ಲ ಉರಿಯಿತು.

ಅರಸೀಕೆರೆಯಲ್ಲಿ ಅವರದು ಕೊಬ್ಬರಿ ಮಂಡಿ. ಉಂಡೆ ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳ್ಳೆಯದನ್ನು ಈ ರಾಶಿಗೆ, ಕಳಪೆಯದನ್ನು ಆ ರಾಶಿಗೆ ಎಸೆಯುತ್ತಿದ್ದರು. ಮನುಷ್ಯರನ್ನೂ ಹಾಗೇ ಎಸೆಯುವ ಜನ. ಭಾನುವಾರ ಬಂತೆಂದರೆ ಬೀದಿಗೆಲ್ಲ ಕೇಳುವಂತೆ ಟಿವಿ ಹಾಕಿಕೊಂಡು ವಿಶ್ವ ಚಾಂಪಿಯನ್‌ಶಿಪ್ಪಿನ ಬೈಕ್ ರೇಸು ನೋಡುವುದು. ಊರಿನಲ್ಲಿ ಬೇರೆ ಯಾರಿಗೂ ಇಲ್ಲದ ಹುಚ್ಚು. ನನ್ನ ತಮ್ಮನಿಗೆ ಆ ಹುಚ್ಚು ಹಿಡಿದದ್ದೂ ಆ ಟಿವಿಯ ಮುಂದೆಯೇ.

ತಮ್ಮ ದೊಡ್ಡವನಾಗಿ ಬೈಕ್ ರೇಸಿನ ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿಗೆ ಸೇರಿದ. ಸೂಟನ್ನು ಗೋಣಿಚೀಲಕ್ಕೆ ತುರುಕಿಕೊಂಡು ರೈಲಿನಲ್ಲಿ ಚೆನ್ನೈಗೆ ಹೋಗುತ್ತಿದ್ದ. ಅಲ್ಲಿನ ಟ್ರ್ಯಾಕಿನಲ್ಲಿ ಓಡಿಸಲು ಸಿಗುತ್ತಿದ್ದದ್ದು ರೇಸಿನ ವಾರ ಮಾತ್ರ. ಹಾಗಿದ್ದೂ ಒಮ್ಮೆ ಮೂರನೆಯವನಾಗಿ ಬಂದ. ಊರಿನವರು ಸ್ಟೇಷನ್ನಿನಲ್ಲೇ ಹಾರ ಹಾಕಿದರು. ಅವನು ಹಾರ ತೆಗೆದು ನನ್ನ ಕೈಗೆ ಕೊಟ್ಟವನೇ ಸೀದಾ ಮಂಡಿಗೆ ಹೋಗಿ, ಸವೆದ ಬಿಲ್ಲೆಯನ್ನು ಯಜಮಾನರ ಮುಂದೆ ಹಿಡಿದ.

ಅವರು ತಿರುಗಿಸಿ ತಿರುಗಿಸಿ ನೋಡಿದರು. "ಒಂದೇ ಮೂಲೆ ಸವ್ದೈತಲ್ಲೋ, ಗಾಡಿ ಪೂರಾ ಮಲಗ್ಸೇ ಇಲ್ಲ ನೀನು. ಟಿವಿನಾಗೆ ಬರ್ತಾರಲ್ಲ, ಅಲ್ಲೀವ್ರುದು ಹಿಂಗಿರಾಕಿಲ್ಲ. ಅವರ ಜೊತೆ ಬಿಟ್ರೆ ನೀನು ಕಡೇಯೋನಾಗೂ ಬರಾಕಿಲ್ಲ ಕಣ್ಲಾ" ಎಂದು ಬಿಲ್ಲೆಯನ್ನು ಕಳಪೆ ರಾಶಿಗೆ ಎಸೆದರು. ಹಮಾಲರು ನಕ್ಕರು. ತಮ್ಮ ಬಗ್ಗಿ ಕೊಬ್ಬರಿಯ ನಡುವೆ ಅದನ್ನು ಹುಡುಕಿಕೊಂಡ.

ಹಾರ ಹಿಡಿದು ಹಿಂದೆಯೇ ಹೋಗಿದ್ದ ನನಗೆ ತಡೆಯಲಾಗಲಿಲ್ಲ. "ಸ್ಪೇನಿನ ಮಕ್ಕಳು ಸ್ಕೂಲಿಗೆ ಸೇರೋ ಮುಂಚೆ ಬೈಕ್ ಹತ್ತುತ್ವೆ ಅಂತ ನೀವೇ ಹೇಳಿದ್ರಿ. ಇವನು ಹತ್ತಿದ್ದು ಕಾಲೇಜು ಮುಗಿಸಿ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?" ಎಂದೆ.

"ತಕ್ಕಡಿ ಇರಾದೇ ಒಂದು ಕಣಮ್ಮ" ಎಂದರು.

"ಒಂದ್ಸಲ ಚೆನ್ನೈಗೆ ಬಂದು ನೋಡಿ ಯಜಮಾನ್ರೇ" ಎಂದು ತಮ್ಮ ಕೇಳಿದ. ಅವರು ಮುಂದಿನ ಕೊಬ್ಬರಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು.

ಅದೇ ಹಟಕ್ಕೆ ಬಿದ್ದು ಮರುವರ್ಷ ಇವನು ಏಷ್ಯಾ ಮಟ್ಟದ ರೇಸಿಗೆಂದು ಮಲೇಷ್ಯಾಕ್ಕೆ ಹೋದ. ಮಳೆಯಲ್ಲಿ ಬಿದ್ದ. ತೊಡೆಗೆ ರಾಡು ಹಾಕಿಸಿಕೊಂಡು ಬಂದವನು ಮತ್ತೆ ಬೈಕು ಹತ್ತಲೇ ಇಲ್ಲ. ಯಜಮಾನರು ನೋಡಲು ಬಂದರು. ನೋವು ಹೇಗಿದೆ ಎಂದು ಕೇಳಲಿಲ್ಲ. "ಯಾವ ತಿರುವು? ಬ್ರೇಕ್ ಎಲ್ಲಿ ಹಿಡ್ದೆ?" ಎಂದು ಶುರು ಮಾಡಿ ಕಾಫಿ ಆರುವವರೆಗೂ ಅದೇ ಮಾತು. ಹೊರಡುವಾಗ, "ಅಲ್ಲೀವ್ರು ಬಿದ್ದ ವಾರಕ್ಕೇ ಗಾಡಿ ಹತ್ತುತಾರೆ ಕಣೋ" ಎಂದರು. ಅವರ ಬೆನ್ನಿಗೇ ಬಾಗಿಲು ಬಡಿದೆ. ಒಳಗೆ ತಿರುಗಿ ನೋಡಿದರೆ ತಮ್ಮನ ಮುಖ ಎಷ್ಟೋ ದಿನಗಳ ಮೇಲೆ ಅರಳಿತ್ತು. ಅದು ನನ್ನನ್ನು ಇನ್ನಷ್ಟು ಕೆರಳಿಸಿತು.

ಹೋದ ವರ್ಷ ಯಜಮಾನರು ತೀರಿಕೊಂಡರು. ನಾನು ಮುಖ ನೋಡಲೂ ಹೋಗಲಿಲ್ಲ. ತಮ್ಮ ಮಾತ್ರ ಕೋಲು ಊರಿಕೊಂಡು ಮಣ್ಣು ಹಾಕುವವರೆಗೂ ನಿಂತು ಬಂದ. "ನಿನ್ನ ಕಾಲು ಹಾಳು ಮಾಡಿದೋರಿಗೆ ಮಣ್ಣು ಹಾಕಕ್ಕೆ ಹೋಗಿದ್ಯಲ್ಲೋ" ಎಂದು ಕೂಗಾಡಿದೆ.

"ಹಾರ ಹಾಕ್ದೋರಿಗೆ ರೇಸ್ ಅಂದ್ರೇನಂತಾನೇ ಗೊತ್ತಿರ್ಲಿಲ್ಲ ಅಕ್ಕ. ಗೊತ್ತಿದ್ದೋರು ಅವರೊಬ್ರೇ. ಒಂದ್ಸಲ ಬಂದು ನಾನು ಓಡ್ಸೋದು ನೋಡಿದ್ದಿದ್ರೆ..." ಎಂದು ಕೋಲನ್ನು ಗೋಡೆಗೆ ಒರಗಿಸಿದ.

ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ. ಈಗ ತಮ್ಮ ಮೊಬೈಲಿನಲ್ಲಿ ಒಬ್ಬನೇ ರೇಸು ನೋಡುತ್ತಾನೆ. ನಿನ್ನೆ ಪಕ್ಕದಲ್ಲಿ ಹೋಗಿ ಕುಳಿತೆ. "ಎಂಥಾ ಕಡೆ ನುಗ್ಗಿಸ್ದ ನೋಡಿದ್ಯಾ" ಎಂದು ನನ್ನ ಕಡೆ ತಿರುಗಿದ. ನನಗೇನು ಗೊತ್ತು, "ಚೆನ್ನಾಗಿ ಓಡಿಸ್ತಾನೆ ಅಲ್ವಾ" ಎಂದೆ. "ಹೂಂ" ಎಂದು ಅವನು ಮತ್ತೆ ಮೊಬೈಲಿನ ಕಡೆ ತಿರುಗಿದ.