ಪಕ್ಕದ ಮನೆಯ ಎರಡು ಸ್ಟಾರ್

2020ರ ಮಾರ್ಚ್‌ನಲ್ಲಿ ಮೈಸೂರಿಗೆ ವಾಪಸ್ ಹೋಗಬೇಕಿದ್ದ ಅಮ್ಮ, ವಿಮಾನಗಳು ನಿಂತುಹೋದದ್ದರಿಂದ ಅಮೆರಿಕದ ಏಪೆಕ್ಸ್ ಊರಿನ ನಮ್ಮ ಮನೆಯಲ್ಲೇ ಉಳಿದಳು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿ ನಿವೃತ್ತಳಾದವಳು. ಖೋ ಖೋ ಎಂದರೆ ಪ್ರಾಣ. ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೀಟಿಂಗುಗಳಲ್ಲಿ ಮುಳುಗಿದ್ದರೆ, ಅವಳು ಹಿತ್ತಲಿನ ಡೆಕ್‌ನಲ್ಲಿ ಕುರ್ಚಿ ಹಾಕಿಕೊಂಡು ಪಕ್ಕದ ಮನೆಯ ಹುಡುಗ ಓಡುವುದನ್ನು ನೋಡುತ್ತಿದ್ದಳು.

ಅವನಿಗೆ ಹದಿನೇಳು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಇಲ್ಲಿನ ಫುಟ್‌ಬಾಲ್‌ನಲ್ಲಿ, ಎದುರಾಳಿಯ ಬೆನ್ನು ಬಿಡದೆ ಓಡಿ ಅವನಿಗೆ ಚೆಂಡು ಸಿಗದಂತೆ ತಡೆಯುವುದು ಇವನ ಕೆಲಸ. ಒಂದು ಸಂಜೆ ಬೇಲಿಯ ಆಚೆಯಿಂದ ಅವನ ಅಪ್ಪ ನನ್ನ ಹತ್ತಿರ ಹೇಳಿಕೊಂಡ. ಆಟಗಾರರನ್ನು ಅಳೆಯುವ ಕೆಲವು ವೆಬ್‌ಸೈಟಿನವರು ಹೈಸ್ಕೂಲ್ ಹುಡುಗರಿಗೆ ಐದರವರೆಗೆ ಸ್ಟಾರ್ ಕೊಡುತ್ತಾರೆ, ತಂಡಕ್ಕೆ ಆರಿಸುವಾಗ ಕಾಲೇಜಿನವರು ಅದನ್ನು ನೋಡುತ್ತಾರೆ. ಮಗನಿಗೆ ಬಂದಿರುವುದು ಎರಡು. ಸ್ಟಾರ್ ಕೊಡುವವರು ಬಂದು ನೋಡುವ ಬೇಸಿಗೆ ಕ್ಯಾಂಪುಗಳೆಲ್ಲ ಈ ವರ್ಷ ರದ್ದಾಗಿವೆ.

ಅಮ್ಮನಿಗೆ ಹೇಳಿದೆ. "ಎರಡಾ? ಸರಿಯಾಗ್ ನೋಡಿದ್ಯಾ?" ಎಂದಳು.

"ಹೂಂ ಅಮ್ಮ, ಚೆಕ್ ಮಾಡ್ದೆ. ಎರಡೇ."

"ಅವರು ಕೊಡೋದು ಎಷ್ಟು ಕರೆಕ್ಟಾಗಿರತ್ತೆ?"

ನನಗೂ ಗೊತ್ತಿರಲಿಲ್ಲ. ಮರುದಿನ ಮಧ್ಯಾಹ್ನ ಹುಡುಕಿ ಓದಿದೆ. ಐದು ಸ್ಟಾರ್ ಪಡೆದವರು ಉಳಿದವರಿಗಿಂತ ಹೆಚ್ಚಾಗಿ ಮೇಲೆ ಬರುವುದು ನಿಜ. ಹಾಗೆಯೇ ಎರಡು, ಮೂರು ಸ್ಟಾರಿನವರೂ ದೊಡ್ಡ ತಂಡಗಳವರೆಗೆ ಹೋಗಿದ್ದರು. ಹೇಳಿದ್ದನ್ನೆಲ್ಲ ಕೇಳಿ ಅಮ್ಮ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡಳು.

"ನಾನೂ ಒಂದ್ಸಲ ತಾಲ್ಲೂಕು ಟೀಮಿಗೆ ಹುಡುಗೀರನ್ನ ಅರ್ಧ ಗಂಟೇಲಿ ಆರಿಸಿಬಿಟ್ಟೆ. ಬಿಟ್ಟವರಲ್ಲಿ ಒಬ್ಬಳಿಗೆ ಆವತ್ತು ಜ್ವರ ಇತ್ತಂತೆ. ಹೇಳ್ಲೇ ಇಲ್ಲ. ಆಮೇಲೆ ಅವಳು ಗ್ರೌಂಡಿಗೇ ಬರ್ಲಿಲ್ಲ ಕಣೆ."

ಈ ಮಾತನ್ನು ಅವಳು ಅದಕ್ಕೆ ಮೊದಲು ಎಂದೂ ಆಡಿರಲಿಲ್ಲ.

ಮರುದಿನ ಬೆಳಿಗ್ಗೆ ಮಾಸ್ಕ್ ಹಾಕಿಕೊಂಡು, ನನ್ನ ಹಳೆಯ ಫೋನ್ ಹಿಡಿದು ಬೇಲಿಯ ಹತ್ತಿರ ಹೋಗಿ ನಿಂತಳು. "ಯೂ ರನ್. ಐ ಟೇಕ್ ವೀಡಿಯೋ." ಹುಡುಗ ನಾಚಿ ನಕ್ಕ. ಅವನ ಅಪ್ಪ ಕೆಲಸಕ್ಕೆ ಹೊರಡುವ ಮುನ್ನ ಚೆಂಡು ಎಸೆಯುತ್ತಿದ್ದ, ಇವನು ಹಿಂದಕ್ಕೆ ಓಡುತ್ತಲೇ ತಿರುಗಿ ಹಾರಿ ಹಿಡಿಯುತ್ತಿದ್ದ. ಹೀಗೆ ಎರಡು ತಿಂಗಳು ನಡೆಯಿತು. ಜಾರಿ ಬಿದ್ದದ್ದನ್ನು ಅಳಿಸಿ ಎಂದು ಅವನು ಗೋಗರೆದರೆ ಅಮ್ಮ, "ನೋ ಡಿಲೀಟ್!" ಎಂದು ಗದರುತ್ತಿದ್ದಳು. ನನ್ನ ಕಡೆ ತಿರುಗಿ, "ಸುಸ್ತಾದ್ಮೇಲೆ ಹೆಂಗೆ ಓಡ್ತಾನೆ ಅನ್ನೋದು ಕಾಣಬೇಕು, ಅದನ್ನ ಇವನಿಗೆ ಇಂಗ್ಲಿಷಲ್ಲಿ ಹೇಳು," ಎನ್ನುತ್ತಿದ್ದಳು. ಜುಲೈ ಹೊತ್ತಿಗೆ ಅವನು ಅವಳನ್ನು ಕೋಚ್ ಎಂದು ಕರೆಯತೊಡಗಿದ್ದ.

ನಾನು ತುಣುಕುಗಳನ್ನು ಜೋಡಿಸಿ ಮೂರು ನಿಮಿಷದ ವೀಡಿಯೋ ಮಾಡಿಕೊಟ್ಟೆ. ಅದು ಎಷ್ಟೋ ಕಾಲೇಜುಗಳಿಗೆ ಹೋಯಿತು. ಆಗಸ್ಟ್‌ನಲ್ಲಿ ಅಮ್ಮನಿಗೆ ವಿಶೇಷ ವಿಮಾನದಲ್ಲಿ ಸೀಟು ಸಿಕ್ಕಿತು. ಅವಳು ಹೊರಡುವವರೆಗೆ ಯಾವ ಕಾಲೇಜಿನಿಂದಲೂ ಉತ್ತರ ಬಂದಿರಲಿಲ್ಲ. ಸ್ಟಾರ್ ಎರಡೇ ಇತ್ತು.

ಮುಂದಿನ ವಸಂತದಲ್ಲಿ ಸೌತ್ ಕೆರೊಲೈನಾದ ಒಂದು ಸಣ್ಣ ಕಾಲೇಜಿನ ಕೋಚ್ ಹುಡುಗನ ಅಪ್ಪನಿಗೆ ಫೋನ್ ಮಾಡಿದರು. ವೀಡಿಯೋದಲ್ಲಿ ಅರ್ಧಕ್ಕರ್ಧ ಹುಡುಗನ ಮುಖವೇ ಇಲ್ಲ, ಬರೀ ಕಾಲು, ಇದನ್ನು ತೆಗೆದವರು ಯಾರು ಎಂದು ಅವರು ಕೇಳಿದರಂತೆ. ತಾವು ನೋಡಬೇಕಿದ್ದದ್ದೂ ಆ ಕಾಲನ್ನೇ ಎಂದು ಅವನನ್ನು ತಂಡಕ್ಕೆ ಕರೆದರಂತೆ. ಅವನ ಅಪ್ಪ ಇದನ್ನು ಹೇಳುವಾಗ ಕಣ್ಣೊರೆಸಿಕೊಂಡ. ನಾನು ಒಳಗೆ ಹೋಗಿ ಅಮ್ಮನಿಗೆ ಫೋನ್ ಮಾಡಿದೆ. ಅವಳು ಹಾಲು ಉಕ್ಕುತ್ತಿದೆ ಎಂದು ಸುಳ್ಳು ಹೇಳಿ ಇಟ್ಟುಬಿಟ್ಟಳು.

ಮೊದಲೆರಡು ವರ್ಷ ಅವನು ಹೆಚ್ಚಾಗಿ ಬೆಂಚಿನ ಮೇಲೇ ಕುಳಿತ. ಸ್ಟಾರ್ ಕೊಟ್ಟವರು ಹೇಳಿದ್ದೇ ಸರಿಯೇನೋ ಎಂದು ನನಗೆ ಅನ್ನಿಸಿತು. ಅಮ್ಮನಿಗೂ ಹಾಗೆಯೇ ಅಂದೆ. "ಇರಬಹುದು. ಆದ್ರೆ ಅವನು ಆಡೋಕೆ ಹೋದ್ನಲ್ಲ," ಎಂದಳು.

ಮೂರನೆಯ ವರ್ಷ ಒಂದು ಶನಿವಾರ ಅವನನ್ನು ಆಡಿಸಿದರು, ಕೆಲವೇ ನಿಮಿಷ. ಪಂದ್ಯದ ರೆಕಾರ್ಡಿಂಗ್ ಕಳಿಸಿದೆ, ಅವನು ಬರುವ ಜಾಗವನ್ನೂ ಗುರುತು ಹಾಕಿಕೊಟ್ಟೆ. ಅಮ್ಮ ಮೂರು ಗಂಟೆಯ ರೆಕಾರ್ಡಿಂಗನ್ನು ಪೂರ್ತಿ ನೋಡಿ ಫೋನ್ ಮಾಡಿದಳು.

"ಅಷ್ಟೊಂದ್ ಯಾಕಮ್ಮ ನೋಡ್ದೆ? ಅವನು ಆಡಿದ್ದು ಸ್ವಲ್ಪಾನೇ ಅಲ್ವಾ?"

"ಆಡಿದ್ದು ನೋಡ್ದೆ. ಬೆಂಚ್ ಮೇಲೆ ಕೂತಿದ್ದಾಗ ಪಕ್ಕದ ಹುಡುಗನ ಭುಜ ತಟ್ಟಿ ಏನೋ ಹೇಳ್ತಿದ್ದ. ಅದನ್ನೂ ನೋಡ್ದೆ," ಎಂದಳು.