ಮಾರ್ಲಿಸ್ ಕೊಂಡ ಕ್ಯಾಮೆರಾ

ಅಮೆರಿಕದ ಡಲೂತ್ ಊರಿನ ಗುಡ್ಡದ ಮೇಲಿರುವ ಶಾಲೆಯೊಂದರಲ್ಲಿ ಮಾರ್ಲಿಸ್ ಟ್ವೇಟ್ ಇಪ್ಪತ್ತಾರು ವರ್ಷದಿಂದ ಮಧ್ಯಾಹ್ನದ ಅಡುಗೆ ಮಾಡುತ್ತಿದ್ದಳು. ತಲೆಗೆ ಬಲೆ, ಮೈಗೆ ಬಿಳಿ ಏಪ್ರನ್. ಮುನ್ನೂರು ಮಕ್ಕಳ ಪಾಲಿಗೆ ಅವಳು ಒಂದು ಕೈ, ಒಂದು ಸೌಟು, ಅಷ್ಟೆ. ಎರಡು ಗಂಟೆಗೆ ಮನೆಗೆ ಬಂದು ಮಿಂದಳೆಂದರೆ ಬೇರೆಯೇ ಹೆಂಗಸು. ಚರ್ಚಿನ ಹಳೆಬಟ್ಟೆ ಅಂಗಡಿಯಿಂದ ತಂದ ನಿಲುವಂಗಿಗಳ ಹೊಲಿಗೆ ಬಿಚ್ಚಿ, ತನ್ನ ಮೈಗೆ ಒಪ್ಪುವಂತೆ ಮತ್ತೆ ಹೊಲಿದು, ಗುಂಡಿ ಬದಲಿಸಿ ತೊಡುತ್ತಿದ್ದಳು. ಎಲ್ಲಿಗೋ ಹೊರಟದ್ದಲ್ಲ. ಅವನ್ನು ತೊಟ್ಟುಕೊಂಡು ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತ ಕೂರುವುದೇ ಅವಳಿಗೆ ಹಬ್ಬ.

ಇದನ್ನು ಬಹಳ ದಿನದಿಂದ ನೋಡಿದ್ದವಳು ತಂಗಿಯ ಮಗಳು ಬ್ರಿಟಾ. ಎರಡು ಸಾವಿರದ ಹನ್ನೊಂದರ ಬೇಸಿಗೆಯಲ್ಲಿ ಅವಳು ಇಂಟರ್ನೆಟ್ಟಿನಲ್ಲಿ ದೊಡ್ಡಮ್ಮನ ಹೆಸರಿಗೆ ಒಂದು ಪುಟ ತೆರೆದುಕೊಟ್ಟಳು.

"ದಿನಾ ಒಂದು ಫೋಟೊ ಹಾಕು ದೊಡ್ಡಮ್ಮ. ಕೆಳಗೆ ಎರಡು ಸಾಲು ಬರಿ, ಸಾಕು."

"ಐವತ್ತೆಂಟು ವರ್ಷದ ಮುದುಕಿ ಬಟ್ಟೆ ಯಾರೇ ನೋಡ್ತಾರೆ?"

"ಐವತ್ತೆಂಟು ವರ್ಷದವರು ನೋಡ್ತಾರೆ. ಅವರೇನು ಬಟ್ಟೆ ಹಾಕ್ಕೊಳ್ಳಲ್ವಾ?"

ಫೋಟೊ ತೆಗೆಯುವ ಕೆಲಸ ಗಂಡ ಓರಿನ್‌ಗೆ ಬಿತ್ತು. ಅದಿರು ತುಂಬುವ ಹಡಗುಕಟ್ಟೆಯಲ್ಲಿ ದುಡಿದು ನಿವೃತ್ತನಾದವನು. ಅವನ ಕೈಗೆ ಅಂಥ ಸಣ್ಣ ಗುಂಡಿ ಒಗ್ಗುತ್ತಿರಲಿಲ್ಲ.

"ನನ್ನ ತಲೆ ಎಲ್ಲಿ ಹೋಯ್ತು ಇದ್ರಲ್ಲಿ?"

"ಬಟ್ಟೆ ಫೋಟೊ ತೆಗಿ ಅಂತ ನೀನೇ ಅಂದೆ. ತಲೆ ಬೇಕಿದ್ರೆ ಮೊದಲೇ ಹೇಳ್ಬೇಕಪ್ಪ."

ಹಾಗಾಗಿ ತನ್ನನ್ನು ತಾನೇ ತೆಗೆದುಕೊಳ್ಳಬಲ್ಲ ಕ್ಯಾಮೆರಾ ಹುಡುಕುತ್ತ ಹೊರಟಳು. ದೊಡ್ಡ ಅಂಗಡಿಯಲ್ಲಿ ಆರುನೂರು ಡಾಲರ್ ಎಂದಾಗ ತಿರುಗಿ ಹೊರಗೆ ಬಂದಳು. ಕೊನೆಗೆ ಸರೋವರದ ದಂಡೆಯ ಬೀದಿಯಲ್ಲಿದ್ದ ಗೋರ್ಡಿ ಪೆಲ್ಕಿಯ ಅಂಗಡಿಗೆ ಹೋದಳು. ಶಾಲೆಯಲ್ಲಿ ಜೊತೆಗೆ ಓದಿದವನು, ಹಳೆಯ ಕ್ಯಾಮೆರಾ ರಿಪೇರಿ ಮಾಡಿ ಮಾರುವವನು.

"ಏನು ತೆಗೀಬೇಕು ಇದ್ರಲ್ಲಿ?"

"ನನ್ನನ್ನ."

"ಯಾರು ತೆಗೆಯೋರು?"

"ನಾನೇ ಕಣೋ. ನಗಬೇಡ."

ಗೋರ್ಡಿ ನಗಲಿಲ್ಲ. ಮೂರು ಕ್ಯಾಮೆರಾಗಳನ್ನು ಒಂದೊಂದಾಗಿ ಸ್ಟೂಲಿನ ಮೇಲಿಟ್ಟು, ಗುಂಡಿ ಒತ್ತಿ ಎದುರಿನ ಗೋಡೆಗೆ ಓಡು ಎಂದ. ಮೊದಲನೆಯದಕ್ಕೆ ಪ್ರತಿಸಲವೂ ಟೈಮರ್ ಹೊಸದಾಗಿ ಹಾಕಬೇಕು, ಅದೂ ನಾಲ್ಕು ಗುಂಡಿ ದಾಟಿ. ಎರಡನೆಯದು ಅಗ್ಗ, ಆದರೆ ಪರದೆ ಬೆನ್ನಿಗೆ. ಎದುರು ನಿಂತವಳಿಗೆ ತಾನು ಚೌಕಟ್ಟಿನೊಳಗೆ ಇದ್ದೇನೋ ಇಲ್ಲವೋ ತಿಳಿಯದು. ಮೂರನೆಯದರ ಪರದೆ ಮುಂದಕ್ಕೆ ಮಗುಚುತ್ತಿತ್ತು. ಹತ್ತು ಸೆಕೆಂಡ್ ಕಾದು, ಒಂದರ ಹಿಂದೆ ಒಂದು ಐದು ಫೋಟೊ ಹೊಡೆಯುತ್ತಿತ್ತು. ಕಣ್ಣು ಮುಚ್ಚಿದ್ದು ನಾಲ್ಕಾದರೂ ತೆರೆದದ್ದು ಒಂದು ಸಿಗುತ್ತದೆ. ಎಂಬತ್ತೈದು ಡಾಲರ್, ಮೂರು ಕಾಲಿನ ಸ್ಟ್ಯಾಂಡ್ ಸೇರಿ ನೂರು.

"ಇನ್ನೊಂದು ಮಾತು," ಎಂದ ಗೋರ್ಡಿ. "ಸ್ಟ್ಯಾಂಡ್ ಒಂದೇ ಕಡೆ ಇರ್ಲಿ. ಅದರ ಕಾಲಿಗೆ, ನಿನ್ನ ಕಾಲಿಗೆ ನೆಲದ ಮೇಲೆ ಟೇಪ್ ಅಂಟಿಸ್ಕೊ. ದಿನಾ ಜಾಗ ಬದಲಾಯಿಸಿದ್ರೆ ನೋಡೋರಿಗೆ ಜಾಗ ಕಾಣತ್ತೆ, ಬಟ್ಟೆ ಕಾಣಲ್ಲ."

ಅವಳು ಚಾಚೂ ತಪ್ಪದೆ ಹಾಗೇ ಮಾಡಿದಳು. ಸೆಪ್ಟೆಂಬರಿನಿಂದ ದಿನಾ ಮೂರು ಗಂಟೆಗೆ, ಮಲಗುವ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು, ಟೇಪಿನ ಮೇಲೆ ಕಾಲಿಟ್ಟು ನಿಲ್ಲುವಳು. ಚಳಿಗಾಲದ ಹೊತ್ತಿಗೆ ಪುಟಕ್ಕೆ ಇನ್ನೂರು ಜನ ಓದುಗರಾದರು.

ಮಾರ್ಚ್ ಮೊದಲ ವಾರ ಯಾವಳೋ ಒಬ್ಬಳು ಫೋಟೊದ ಕೆಳಗೆ ಬರೆದಳು: ಅಂಗಿ ಚೆನ್ನಾಗಿದೆ, ಅಂಚು ಮಾತ್ರ ಎಡಕ್ಕೆ ಇಳಿದಿದೆ.

ಮಾರ್ಲಿಸ್‌ಗೆ ಮುಖಕ್ಕೆ ಹೊಡೆದಂತಾಯಿತು. ಅವಳ ಹೊಲಿಗೆಯಲ್ಲಿ ತಪ್ಪು ಹುಡುಕಿದವರು ಇದುವರೆಗೆ ಇರಲಿಲ್ಲ. ಅಂಗಿಯನ್ನು ಮೇಜಿನ ಮೇಲೆ ಹರಡಿ ಟೇಪು ಹಿಡಿದು ಅಳೆದಳು. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಹಿಂದಿನ ದಿನದ ಫೋಟೊ ನೋಡಿದಳು. ಅದರಲ್ಲೂ ಎಡ ಅಂಚು ಕೆಳಗೆ. ಅದರ ಹಿಂದಿನ ದಿನವೂ ಹಾಗೇ. ಸರಿ, ಕ್ಯಾಮೆರಾ ಕೆಟ್ಟಿತು ಎಂದು ತೀರ್ಮಾನಿಸಿ, ಅದನ್ನು ಚೀಲಕ್ಕೆ ಹಾಕಿಕೊಂಡು ನೇರ ಗೋರ್ಡಿಯ ಬಳಿಗೆ ಹೋದಳು.

"ಸೊಟ್ಟ ಕ್ಯಾಮೆರಾ ನನ್ನ ತಲೆಗೆ ಕಟ್ಟಿದ್ಯಲ್ಲೋ. ಹಳೇ ಸ್ನೇಹಿತೆ ಅಂತನಾದ್ರೂ ನೋಡ್ಬಾರದಾ?"

ಗೋರ್ಡಿ ಕ್ಯಾಮೆರಾ ತಿರುಗಿಸಿ ನೋಡಿದ, ಮೇಲೆ ರಸಮಟ್ಟ ಇಟ್ಟ. ಗುಳ್ಳೆ ನಡುಮಧ್ಯೆ ನಿಂತಿತು. ಆಮೇಲೆ ಅವಳ ಫೋಟೊಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ತಿಂಗಳಿಗೊಂದರಂತೆ ಏಳನ್ನು ಮುದ್ರಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟ. ಒಂದೊಂದನ್ನೂ ಬಗ್ಗಿ ನೋಡಿದ.

"ಏನೋ? ಹೇಳು."

"ಹಿಂದಿರೋ ಬಾಗಿಲು ನೋಡು, ಮಾರ್ಲಿಸ್."

ಏಳು ಫೋಟೊಗಳಲ್ಲೂ ಬಾಗಿಲಿನ ಚೌಕಟ್ಟು ನೆಟ್ಟಗಿತ್ತು.

ಅವಳು ಮೊದಲನೆಯದನ್ನು ನೋಡಿದಳು, ಎರಡನೆಯದನ್ನು ನೋಡಿದಳು. ಸೆಪ್ಟೆಂಬರಿನಲ್ಲಿ ಎರಡು ಭುಜವೂ ಸಮ. ನವೆಂಬರಿನಲ್ಲಿ ಎಡಭುಜ ಒಂದು ಎಳೆ ತಗ್ಗು. ಜನವರಿಯಲ್ಲಿ ಒಂದು ಬೆರಳು, ಮಾರ್ಚಿನಲ್ಲಿ ಎರಡು ಬೆರಳು. ಎಡಗೈ ತೊಡೆಯ ಪಕ್ಕ ನೀರು ಹಿಂಡಿದ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ದಿನಕ್ಕೆ ಐದರಂತೆ ಸಾವಿರ ಸಲ ತನ್ನನ್ನು ನೋಡಿಕೊಂಡಿದ್ದಳು. ಕಾಲರು ನೋಡಿದ್ದಳು, ನೆರಿಗೆ ನೋಡಿದ್ದಳು, ಬಣ್ಣ ನೋಡಿದ್ದಳು. ಇದನ್ನು ನೋಡಿರಲಿಲ್ಲ. ನೋವು ಅನ್ನುವುದು ಸಾಸಿವೆಯಷ್ಟೂ ಇರಲಿಲ್ಲ. ಕನ್ನಡಿಯ ಮುಂದೆ ನಿಂತಾಗೆಲ್ಲ ತನಗೇ ತಿಳಿಯದೆ ಭುಜ ಎತ್ತಿಕೊಳ್ಳುತ್ತಿದ್ದಳೋ ಏನೋ. ಕ್ಯಾಮೆರಾದ ಎದುರು ಹತ್ತು ಸೆಕೆಂಡಿನಲ್ಲಿ ಓಡಿಬಂದು ನಿಲ್ಲುವವಳಿಗೆ ಅದಕ್ಕೆ ಪುರುಸೊತ್ತು ಸಿಕ್ಕಿರಲಿಲ್ಲ.

ಅವಳು ಮಾರ್ಚಿನ ಫೋಟೊವನ್ನು ಮಗುಚಿಟ್ಟಳು. ಗೋರ್ಡಿ ಕುರ್ಚಿ ಎಳೆದ. "ಕೂತ್ಕೊ. ಓರಿನ್‌ಗೆ ಫೋನ್ ಮಾಡ್ತೀನಿ. ನೀನು ಗಾಡಿ ಓಡಿಸ್ಬೇಡ."

ಓರಿನ್ ಬಂದ. ಬಂದವನು ಫೋಟೊಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ನೋಡಿದ. ಮೂವತ್ತಮೂರು ವರ್ಷ ಆ ಎಡಭುಜದ ಪಕ್ಕದಲ್ಲೇ ಮಲಗಿದ್ದವನು.

"ನಂಗೆ ಗೊತ್ತೇ ಆಗ್ಲಿಲ್ವಲ್ಲೇ," ಎಂದ. ದಾರಿಯುದ್ದಕ್ಕೂ ಅದೊಂದೇ ಮಾತು. ಕೊನೆಗೆ ಅವಳೇ, "ನಂಗೇ ಗೊತ್ತಾಗ್ಲಿಲ್ಲ, ನಿಂಗೇನು ಗೊತ್ತಾಗತ್ತೆ, ಸುಮ್ನೆ ರಸ್ತೆ ನೋಡು," ಎಂದಳು.

ನರರೋಗದ ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. ಯಾವಾಗಿನಿಂದ ಹೀಗೆ ಎಂದು ಕೇಳಿದಾಗ ಮಾರ್ಲಿಸ್ ಫೋಟೊಗಳ ಲಕೋಟೆ ಮುಂದಿಟ್ಟಳು. ಡಾಕ್ಟರು ತಿರುವಿಹಾಕುತ್ತ ಹೋದವರು ಅರ್ಧಕ್ಕೆ ನಿಂತರು.

"ಎಲ್ಲಾ ಒಂದೇ ಜಾಗದಲ್ಲಿ ತೆಗ್ದಿದೀರಾ? ತಾರೀಕು ಸಮೇತ?"

"ಬಟ್ಟೆಗೋಸ್ಕರ ತೆಗ್ದಿದ್ದು, ಡಾಕ್ಟ್ರೇ."

ಸ್ಕ್ಯಾನ್ ಮಾಡಿದರು. ಕತ್ತಿನ ಹಿಂದೆ, ಬೆನ್ನುಹುರಿಗೆ ಒತ್ತಿಕೊಂಡು ಒಂದು ಗಂಟು ಬೆಳೆದಿತ್ತು. ಕೆಟ್ಟ ಜಾತಿಯದಲ್ಲ, ನಿಧಾನವಾಗಿ ಬೆಳೆಯುವಂಥದ್ದು, ಆದರೆ ಇನ್ನೊಂದು ವರ್ಷ ಬಿಟ್ಟಿದ್ದರೆ ನಿಶ್ಶಕ್ತಿ ಕಾಲಿಗೂ ಇಳಿಯುತ್ತಿತ್ತು ಎಂದರು. ಆ ಮಾತು ಕೇಳಿದಾಗಲೂ ಮಾರ್ಲಿಸ್ ಅಳಲಿಲ್ಲ. ಮೈ ತನ್ನದು, ಅದರೊಳಗೆ ಅಷ್ಟು ದಿನ ನಡೆದದ್ದು ತನಗೆ ತಿಳಿಯದು. ಈ ಒಂದು ದಿಗಿಲಿನಿಂದ ಅವಳು ಹೊರಗೆ ಬರಲೇ ಇಲ್ಲ. ಮನೆಯಲ್ಲಿ ಕೈ ತೊಳೆಯುವಾಗ ನಿಂತುಬಿಡುವಳು. ಕಾಫಿ ಲೋಟ ಎಡಗೈಯಲ್ಲಿ ಹಿಡಿದು, ಅದು ಬೇರೆಯವರ ಕೈಯೇನೋ ಎಂಬಂತೆ ನೋಡುವಳು.

ಏಪ್ರಿಲ್ ಕೊನೆಗೆ ಶಸ್ತ್ರಚಿಕಿತ್ಸೆ ಆಯಿತು. ಗಂಟು ಪೂರ್ತಿ ಹೋಯಿತು. ಕೈಗೆ ಬಲ ಅರ್ಧಕ್ಕಿಂತ ಹೆಚ್ಚು ಮರಳಿತು. ಭುಜ ಮಾತ್ರ ಒಂದು ಬೆರಳಿನಷ್ಟು ತಗ್ಗಾಗಿಯೇ ಉಳಿಯಿತು.

ಜೂನಿನಲ್ಲಿ ಬ್ರಿಟಾ, ಪುಟ ಮುಚ್ಚಿಬಿಡಲೇ ಎಂದು ಮೆಲ್ಲಗೆ ಕೇಳಿದಳು. ಮಾರ್ಲಿಸ್ ಬೇಡವೆಂದಳು. ಮಾರನೆಯ ದಿನ ಮೂರು ಗಂಟೆಗೆ ಟೇಪಿನ ಮೇಲೆ ಬಂದು, ಕ್ಯಾಮೆರಾಗೆ ಬೆನ್ನು ಮಾಡಿ ನಿಂತಳು. ಬೆನ್ನಿನಲ್ಲಿ ಆಳವಾಗಿ ಕತ್ತರಿಸಿದ ಹಳದಿ ಅಂಗಿ. ಕೂದಲು ಬೋಳಿಸಿದ ಕಡೆಯಿಂದ ಹೆಗಲವರೆಗೆ ಇಳಿದ ಕೆಂಪು ಹೊಲಿಗೆಯ ಗುರುತು ಎದ್ದು ಕಾಣುತ್ತಿತ್ತು.

ಫೋಟೊ ನೋಡಿದ ಓದುಗರು ಬೆಚ್ಚಿಬಿದ್ದರು. ಇದನ್ನೆಲ್ಲ ಯಾಕೆ ತೋರಿಸುತ್ತೀರಿ, ಒಂದು ಸ್ಕಾರ್ಫ್ ಸುತ್ತಿಕೊಳ್ಳಿ ಎಂದು ಕೆಲವರು ಬರೆದರು. ಬ್ರಿಟಾಳೂ ಗಾಬರಿಯಾಗಿ ಫೋನ್ ಮಾಡಿದಳು.

"ದೊಡ್ಡಮ್ಮ, ನೋಡಿದ್ರೆ ಎದೆ ಝಲ್ ಅನ್ನತ್ತೆ."

"ನಂಗೂ ಅನ್ನತ್ತೆ ಕಣೇ. ನನ್ನ ಬೆನ್ನು ನಂಗೆ ಕಾಣೋದು ಇದೊಂದ್ರಲ್ಲೇ. ನಾನು ನೋಡ್ತಾ ಇರ್ಬೇಕು."

ಆ ಬೇಸಿಗೆಯ ಒಂದು ಫೋಟೊದಲ್ಲೂ ಅವಳ ಮುಖವಿಲ್ಲ. ಸೆಪ್ಟೆಂಬರಿನಲ್ಲಿ ಅಡುಗೆ ಕೆಲಸಕ್ಕೆ ಮರಳಿದಳು. ದೊಡ್ಡ ಹಂಡೆಗಳನ್ನು ಎತ್ತುವುದನ್ನು ಜೊತೆಯವರಿಗೆ ಬಿಟ್ಟು, ಬಡಿಸುವ ಕಡೆ ನಿಂತಳು. ಮೂರು ಗಂಟೆಗೆ ಮಾತ್ರ ಎಂದಿನಂತೆ ಟೇಪಿನ ಮೇಲೆ ನಿಲ್ಲುವಳು.